ಕ್ಷೇತ್ರಾಧ್ಯಯನದ ನಿರ್ವಹಣೆ: ಮಂಡ್ಯ ಜಿಲ್ಲೆಯ ನಾಲ್ಕು ತಾಲ್ಲೂಕುಗಳ ನಿದರ್ಶನ

ಶಿಕ್ಷಣಶಾಸ್ತ್ರದ ವಿದ್ಯಾರ್ಥಿಗಳನ್ನು ಐತಿಹಾಸಿಕ ಸ್ಥಳಗಳಿಗೆ ಕರೆದೊಯ್ಯುವ ಪದ್ಧತಿ ನಮ್ಮ ಕಾಲೇಜುಗಳಿಗೆ ಹೊಸದಲ್ಲ. ಆದರೆ ಪ್ರವಾಸವೇ ಬೇರೆ, ಕ್ಷೇತ್ರಾಧ್ಯಯನವೇ ಬೇರೆ. ಪ್ರವಾಸಿಯು ಕಂಡುದನ್ನು ಮೆಚ್ಚಿ ಹಿಂದಿರುಗುತ್ತಾನೆ. ಅಧ್ಯಯನಾರ್ಥಿಯಾದರೋ ಕಂಡುದಕ್ಕೂ ಕೇಳಿದುದಕ್ಕೂ ಆಧಾರವನ್ನು ಅರಸಬೇಕಾಗುತ್ತದೆ. ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತಿನ 2014ರ ನಿಯಮಾವಳಿಯು ಬಿ.ಎಡ್. ಮತ್ತು ಎಂ.ಎಡ್. ವ್ಯಾಸಂಗಗಳನ್ನು ಎರಡು ವರ್ಷಗಳಿಗೆ ವಿಸ್ತರಿಸಿ ಕ್ಷೇತ್ರಕಾರ್ಯಕ್ಕೆ ಹೆಚ್ಚಿನ ಅವಕಾಶವಿತ್ತಿತು. ಆ ಕಾಲವನ್ನು ಸಾರ್ಥಕವಾಗಿ ಬಳಸುವ ಬಗೆ ಯಾವುದೆಂಬುದನ್ನು ಇಲ್ಲಿ ವಿವೇಚಿಸಲೆಳಸಿದ್ದೇವೆ.

ಈ ವಿಷಯದಲ್ಲಿ ನಮಗೆ ಪೂರ್ವಸೂರಿಗಳಿಲ್ಲದೆ ಇಲ್ಲ. 1800ರಲ್ಲಿ ಫ್ರಾನ್ಸಿಸ್ ಬುಕಾನನ್ ಶ್ರೀರಂಗಪಟ್ಟಣ, ತೊಣ್ಣೂರು, ಮೇಲುಕೋಟೆ, ನಾಗಮಂಗಲಗಳಲ್ಲಿ ಸಂಚರಿಸಿದನು. ಆತನು ವಿಚಾರಿಸಬೇಕಾದ ವಿಷಯಗಳು ಹೊರಡುವ ಮೊದಲೇ ನಿರ್ದಿಷ್ಟವಾಗಿದ್ದವು. ಬಿ. ಎಲ್. ರೈಸ್ ಅವರು ಎಪಿಗ್ರಾಫಿಯಾ ಕರ್ನಾಟಿಕದ 1894 ಮತ್ತು 1898ರ ಸಂಪುಟಗಳಲ್ಲಿ ಈ ಸೀಮೆಯ ಶಾಸನಗಳನ್ನು ಪ್ರಕಟಿಸಿದರು. ಮೈಸೂರು ವಿಶ್ವವಿದ್ಯಾನಿಲಯವು ಅವುಗಳನ್ನು ಪರಿಷ್ಕರಿಸಿ 1970ರ ದಶಕದಲ್ಲಿ ಹೊರತಂದಿತು. 1948ರಲ್ಲಿ ಎಂ. ಎನ್. ಶ್ರೀನಿವಾಸರು ಮೈಸೂರು ಸೀಮೆಯ ಹಳ್ಳಿಯೊಂದರಲ್ಲಿ ವಾಸವಾಗಿದ್ದು ಅಧ್ಯಯನ ನಡೆಸಿದರು. ಅವರು ಸಂಸ್ಕರಿಸಿದ ಟಿಪ್ಪಣಿಗಳ ಮೂರು ಪ್ರತಿಗಳೂ ಒಂದೇ ಕಡೆ ಇದ್ದು, 1970ರಲ್ಲಿ ಸ್ಟ್ಯಾನ್‌ಫರ್ಡಿನಲ್ಲಿ ಬೆಂಕಿಗೆ ಆಹುತಿಯಾದವು. ಪ್ರಶ್ನೆ ಮೊದಲು, ಪಯಣ ಅನಂತರ. ಮೂಲವನ್ನು ಕಣ್ಣಾರೆ ನೋಡಿ ಬರೆದುಕೊಳ್ಳುವುದು. ಪ್ರತಿಗಳನ್ನು ಬೇರೆ ಬೇರೆ ಕಡೆ ಇಡುವುದು: ಈ ಮೂರು ಪಾಠಗಳು ಇವರಿಂದ ನಮಗೆ ದೊರೆಯುತ್ತವೆ.

ಇನ್ನು ಸ್ಥಳಗಳ ಆಯ್ಕೆ. ಒಂದು ತಾಲ್ಲೂಕಿಗೆ ಒಂದೇ ಪ್ರಶ್ನೆ ಎಂಬುದು ನಮ್ಮ ಸಲಹೆ. ಶ್ರೀರಂಗಪಟ್ಟಣದ ದರಿಯಾ ದೌಲತ್ತಿನಲ್ಲಿ 1780ರ ಪೊಳ್ಳಿಲೂರು ಯುದ್ಧದ ಭಿತ್ತಿಚಿತ್ರವಿದೆ. ಕೋಟೆಯಲ್ಲಿ 1799ರ ಮೇ 4ರ ಸೋಲಿನ ಗುರುತುಗಳಿವೆ. ಗೆದ್ದವರೂ ಸೋತವರೂ ತಮ್ಮ ನೆನಪನ್ನು ಹೇಗೆ ಉಳಿಸಿಕೊಳ್ಳುತ್ತಾರೆಂಬುದು ಅಲ್ಲಿಯ ಪ್ರಶ್ನೆ. ಕೃಷ್ಣರಾಜಪೇಟೆಯ ಹೊಸಹೊಳಲು ಮತ್ತು ಕಿಕ್ಕೇರಿಗಳಲ್ಲಿ ಹೊಯ್ಸಳ ದೇವಾಲಯದ ಕಾಲನಿರ್ಣಯಕ್ಕೆ ಶಾಸನವೂ ಶಿಲ್ಪವೂ ಎಷ್ಟೆಷ್ಟು ನೆರವಾಗುತ್ತವೆಂಬುದನ್ನು ಪರೀಕ್ಷಿಸಬಹುದು. ನಾಗಮಂಗಲದ ಸೌಮ್ಯಕೇಶವ ದೇವಾಲಯವನ್ನೂ ಕಂಬದಹಳ್ಳಿಯ ಪಂಚಕೂಟ ಬಸದಿಯನ್ನೂ ಒಂದೇ ದಿನ ನೋಡಿದವರಿಗೆ ವೈಷ್ಣವ, ಜೈನ ಸಂಪ್ರದಾಯಗಳು ಒಂದೇ ನಾಡಿನಲ್ಲಿ ಬೆಳೆದ ಬಗೆ ಸ್ಪಷ್ಟವಾಗುತ್ತದೆ.

ಪಾಂಡವಪುರ ತಾಲ್ಲೂಕು ಅತ್ಯಂತ ಕಠಿಣವಾದ ಪಾಠಶಾಲೆ. ಊರಿನ ಹೆಸರು ಪಾಂಡವರನ್ನು ನೆನಪಿಸುತ್ತದೆ. ಫ್ರೆಂಚ್ ರಾಕ್ಸ್ ಎಂಬ ಹಿಂದಿನ ಹೆಸರು ಹೈದರ್-ಟಿಪ್ಪುಗಳ ಕಾಲದ ಫ್ರೆಂಚ್ ಸೈನಿಕರನ್ನು ನೆನಪಿಸುತ್ತದೆ. ಇದೇ ತಾಲ್ಲೂಕಿನ ಮೇಲುಕೋಟೆಯಲ್ಲಿ, ಟಿಪ್ಪು ದೇವಾಲಯಕ್ಕೆ ಕಾಣಿಕೆಯಿತ್ತುದಕ್ಕೆ ಪಾತ್ರೆಗಳ ಮೇಲಿನ ಬರಹಗಳು ಸಾಕ್ಷಿಯಾಗಿವೆ. ಅಲ್ಲಿಯೇ ಮಂಡ್ಯಂ ಅಯ್ಯಂಗಾರ್ ಕುಟುಂಬಗಳು, ಅವನ ಕಾಲದಲ್ಲಿ ತಮ್ಮವರಿಗೊದಗಿದ ಸಾವನ್ನು ನೆನೆದು ನರಕಚತುರ್ದಶಿಯನ್ನು ಆಚರಿಸದಿರುವ ಪದ್ಧತಿಯೂ ಇದೆ. ಬರಹವು ಒಂದು ಬಗೆಯ ಆಧಾರ, ಮನೆತನದ ನೆನಪು ಇನ್ನೊಂದು ಬಗೆಯದು. ಒಂದನ್ನು ಮಾತ್ರ ಬರೆದುಕೊಂಡು ಬಂದ ವಿದ್ಯಾರ್ಥಿಯು ನಾಳೆ ಉಪಾಧ್ಯಾಯನಾಗಿ ಮಕ್ಕಳಿಗೆ ಅರ್ಧ ಚರಿತ್ರೆಯನ್ನೇ ಹೇಳುವನು. ಎರಡನ್ನೂ ಅವುಗಳ ಬಗೆಯನ್ನು ಸೂಚಿಸಿ ದಾಖಲಿಸುವುದೇ ಇಲ್ಲಿಯ ಶಿಸ್ತು.

ನಿರ್ವಹಣೆಯ ವಿಷಯದಲ್ಲಿ ಕೆಲವು ಮಾತು. ತಂಡವೊಂದರಲ್ಲಿ ಐದಾರು ಮಂದಿಗಿಂತ ಹೆಚ್ಚಿರಬಾರದು. ಹಳ್ಳಿಯ ಶಾಲೆಯ ಮುಖ್ಯೋಪಾಧ್ಯಾಯರಿಗೆ ಮುಂಚಿತವಾಗಿ ಬರೆದು, ಅಲ್ಲಿಯ ಪಾಠಗಳಿಗೆ ಅಡ್ಡಿಯಾಗದ ವೇಳೆಯನ್ನು ಗೊತ್ತುಮಾಡಿಕೊಳ್ಳಬೇಕು. ಸುಗ್ಗಿಯ ದಿನಗಳಲ್ಲಿ ರೈತನ ಬಳಿ ಪ್ರಶ್ನಾವಳಿ ಹಿಡಿದು ನಿಲ್ಲುವುದು ಸಲ್ಲದು. ವಿದ್ಯಾರ್ಥಿನಿಯರ ವಸತಿ, ಶೌಚ, ವಾಹನ ಸೌಕರ್ಯಗಳನ್ನು ಹೊರಡುವ ಮೊದಲೇ ಅಧ್ಯಾಪಕರು ಖುದ್ದಾಗಿ ನೋಡಿಬರಬೇಕು. ಆಯಾ ದಿನದ ಟಿಪ್ಪಣಿಯನ್ನು ಅದೇ ರಾತ್ರಿ ಶುದ್ಧಪ್ರತಿ ಮಾಡಿಸುವುದು ಅತ್ಯಗತ್ಯ.

ಕೊನೆಯದಾಗಿ, ವರದಿಯ ಒಂದು ಪ್ರತಿ ಆಯಾ ಹಳ್ಳಿಯ ಶಾಲೆಗೆ ಸಲ್ಲಬೇಕು. ಊರವರು ಅದನ್ನೋದಿ, ತಪ್ಪಿದ್ದರೆ ತಿದ್ದುವಂತಾಗಬೇಕು. ಹೇಳಿದವರ ಕೈಗೆ ಹಿಂದಿರುಗದ ಅಧ್ಯಯನವು ಅಂಕಗಳನ್ನು ತಂದೀತು; ವಿದ್ಯೆಯನ್ನು ತರಲಾರದೆಂದು ನಾವು ಭಾವಿಸುತ್ತೇವೆ.