ಟವರ್ ಬುಡದ ಸದ್ದು

ಬೈಲಹೊಂಗಲದ ಕಡೆ ಹೈಬ್ರಿಡ್ ಅಂದ್ರೆ ಹತ್ತಿ ಬೀಜ. ಟವರಿಗೂ ಆ ಮಾತು ಅಂಟಿದ್ದನ್ನ ನಾನು ಕೇಳಿದ್ದು ಬೆಂಗಳೂರಿಗೆ ಬಂದ ಮೇಲೆ.

ನಮ್ಮೂರಲ್ಲಿ ರಾತ್ರಿ ಕರೆಂಟ್ ಹೋದ್ರೆ ಟವರ್ ಬುಡದ ಜನರೇಟರ್ ಒಂದೇ ಗುಡುಗುಡು ಅಂತಿತ್ತು. ಅದು ನಿಂತ್ರೆ ಅವ್ವಗೆ ಗಾಬರಿ: ಡೀಸೆಲ್ ಮುಗೀತು, ಇನ್ನು ಬ್ಯಾಟರಿ ಇರೋತನಕ ಸಿಗ್ನಲ್. ಅಜ್ಜಗೆ ಉಬ್ಬಸ; ಗಾಡಿ ಕರೆಸೋಕೆ ಇದ್ದದ್ದು ಆ ಫೋನ್ ಒಂದೇ.

2011ರಲ್ಲಿ ಟ್ರಾಯ್ ಶಿಫಾರಸು ಮಾಡಿತು. 2012ರ ಜನವರಿಯಲ್ಲಿ ದೂರಸಂಪರ್ಕ ಇಲಾಖೆಯ ಆದೇಶ ಬಂತು: 2015ರೊಳಗೆ ಹಳ್ಳಿಯ ಶೇ. 50, ನಗರದ ಶೇ. 20 ಟವರ್‌ಗಳು ಲೈನ್ ಕರೆಂಟಿನ ಜೊತೆ ಸೌರ, ಗಾಳಿಯಂಥ ಮೂಲವನ್ನೂ ಬಳಸಬೇಕು. 2020ಕ್ಕೆ ಈ ಗುರಿ ಶೇ. 75 ಮತ್ತು 33. ಕಾಗದದ ಮೇಲೆ ಚೆಂದ. ಟವರಿನ ಯಂತ್ರ ಓಡೋದು 48 ವೋಲ್ಟ್ ಡಿಸಿಯಲ್ಲಿ, ಸೌರಫಲಕ ಕೊಡೋದೂ ಡಿಸಿನೇ. ಆದ್ರೆ ಫಲಕಕ್ಕೆ ನೆರಳಿಲ್ಲದ ಜಾಗ ಬೇಕು, ಮಳೆಗಾಲ ಬೇರೆ.

ಸವದತ್ತಿ ಗುಡ್ಡದ ಮೇಲೆ ಗಾಳಿಯಂತ್ರಗಳು ತಿರುಗ್ತಾವೆ. ಆ ಕರೆಂಟ್ ಹೋಗೋದು ಗ್ರಿಡ್‌ಗೆ. ಊರಿನ ಲೈನ್ ಹರಿದ್ರೆ ಗುಡ್ಡದ ಬುಡದ ಟವರಿಗೂ ಡೀಸೆಲ್ಲೇ ಗತಿ! ನನ್ನ ಲೆಕ್ಕದಲ್ಲಿ ಫಲಕಕ್ಕಿಂತ ಹೆಚ್ಚು ಉಪಕಾರ ಮಾಡಿದ್ದು ಲಿಥಿಯಂ ಬ್ಯಾಟರಿ. ಕರೆಂಟ್ ಸ್ವಲ್ಪ ಹೊತ್ತು ಬಂದ್ರೂ ಬೇಗ ತುಂಬಿಕೊಳ್ಳುತ್ತೆ.

ಈಗ ನಮ್ಮೂರ ಟವರ್ ಬುಡದಲ್ಲಿ ಸದ್ದಿಲ್ಲ. ಅವ್ವ ಮಾತ್ರ ಕರೆಂಟ್ ಹೋದ ಕೂಡ್ಲೇ ಮೊದಲು ಫೋನಿನ ಸಿಗ್ನಲ್ ಕಡ್ಡಿ ಎಣಿಸ್ತಾಳೆ.