ಆಮೆ ಕಲಿಸಿದ ರೇಖಾಗಣಿತ

ಕಂಪ್ಯೂಟರ್ ಎಂದರೆ ಇಡೀ ಕೋಣೆಯನ್ನೇ ತುಂಬುವ ಯಂತ್ರವಾಗಿದ್ದ ಕಾಲದಲ್ಲಿ ಅದನ್ನು ಶಾಲೆಯ ಮಕ್ಕಳ ಕೈಗೆ ಕೊಡಬೇಕೆಂದು ವಾದಿಸಿದವರು ಸೀಮೋರ್ ಪೇಪರ್ಟ್. ದಕ್ಷಿಣ ಆಫ್ರಿಕದಲ್ಲಿ ಹುಟ್ಟಿದ ಈ ಗಣಿತಜ್ಞ, ಮಕ್ಕಳ ಬುದ್ಧಿ ಬೆಳೆಯುವ ಬಗೆಯನ್ನು ಶೋಧಿಸಿದ ಜೀನ್ ಪಿಯಾಜೆ ಅವರೊಡನೆ ಜಿನೀವಾದಲ್ಲಿ ದುಡಿದು, ಬಳಿಕ ಅಮೆರಿಕದ ಎಂ.ಐ.ಟಿ. ಸೇರಿದ್ದರು. 1967ರಲ್ಲಿ ವಾಲಿ ಫ್ಯೂರ್ಜೈಗ್, ಸಿಂಥಿಯಾ ಸಾಲೊಮನ್ ಮೊದಲಾದವರ ಜೊತೆಗೂಡಿ ಅವರು ಮಕ್ಕಳಿಗೆಂದೇ ರೂಪಿಸಿದ ಕಂಪ್ಯೂಟರ್ ಭಾಷೆ 'ಲೋಗೊ'.

ಲೋಗೊದ ನಾಯಕ ಒಂದು ಆಮೆ. ಮೊದಲು ಅದು ನೆಲದ ಮೇಲೆ ಓಡಾಡುವ ಪುಟ್ಟ ಯಂತ್ರವಾಗಿತ್ತು. ಅನಂತರ ಪರದೆಯ ಮೇಲಿನ ಚಿಕ್ಕ ಗುರುತಾಯಿತು. 'ಮುಂದೆ 100', 'ಬಲಕ್ಕೆ 90' ಎಂದು ಆಜ್ಞೆ ಕೊಟ್ಟರೆ ಅದು ಗೆರೆ ಎಳೆದು ತಿರುಗುತ್ತದೆ. ನಾಲ್ಕು ಸಲ ಹೀಗೆ ಮಾಡಿಸಿದರೆ ಚೌಕ ಸಿದ್ಧ. ತ್ರಿಕೋನ ಬೇಕೆಂದರೆ? ಸಮಭುಜ ತ್ರಿಕೋನದ ಕೋನ 60 ಡಿಗ್ರಿ ಎಂದು ಉರುಹೊಡೆದ ಮಗು 'ಬಲಕ್ಕೆ 60' ಎನ್ನುತ್ತದೆ. ಮೂರು ಗೆರೆ ಎಳೆದರೂ ಆಕೃತಿ ಕೂಡಿಕೊಳ್ಳುವುದಿಲ್ಲ! ಮಗು ತಾನೇ ಎದ್ದು ಆಮೆಯಂತೆ ನಡೆದು ನೋಡಿದಾಗ, ತಿರುಗಬೇಕಾದದ್ದು ಹೊರಕೋನದಷ್ಟು, ಅಂದರೆ 120 ಡಿಗ್ರಿ ಎಂಬುದು ಹೊಳೆಯುತ್ತದೆ. ತಪ್ಪಿಗೆ ಇಲ್ಲಿ ಕೆಂಪು ಶಾಯಿಯಿಲ್ಲ. ಅದನ್ನು ಹುಡುಕಿ ತಿದ್ದುವುದೇ ಪಾಠ. ಯಂತ್ರ ಮಗುವಿಗೆ ಕಲಿಸುವುದಲ್ಲ, ಮಗುವೇ ಯಂತ್ರಕ್ಕೆ ಕಲಿಸಬೇಕು ಎಂಬುದು 1980ರಲ್ಲಿ ಪ್ರಕಟವಾದ ಪೇಪರ್ಟ್ ಅವರ 'ಮೈಂಡ್‌ಸ್ಟಾರ್ಮ್ಸ್' ಕೃತಿಯ ಸಾರ.

ಲೋಗೊ ಕಲಿತ ಮಗುವಿನ ಆಲೋಚನಾಶಕ್ತಿಯೇ ಬೆಳೆಯುತ್ತದೆ ಎಂಬ ನಿರೀಕ್ಷೆ ಹಬ್ಬಿತು. ನ್ಯೂಯಾರ್ಕ್‌ನ ಬ್ಯಾಂಕ್ ಸ್ಟ್ರೀಟ್ ಕಾಲೇಜಿನ ರಾಯ್ ಪೀ ಮತ್ತು ಮಿಡಿಯನ್ ಕರ್ಲಂಡ್ ಇದನ್ನು ಪರೀಕ್ಷೆಗೆ ಒಡ್ಡಿದರು. ತರಗತಿಯನ್ನು ಓರಣಗೊಳಿಸುವ ಕೆಲಸಗಳನ್ನು ಯಾವ ಕ್ರಮದಲ್ಲಿ ಮಾಡಿದರೆ ಶ್ರಮ ಉಳಿಯುತ್ತದೆಂದು ಯೋಜಿಸುವುದು ಮಕ್ಕಳಿಗೆ ಕೊಟ್ಟ ಕೆಲಸ. ಲೋಗೊ ಕಲಿತವರು ಉಳಿದವರಿಗಿಂತ ಮೇಲೆಂದು ಕಂಡುಬರಲಿಲ್ಲ. 1980ರ ದಶಕದ ಮಧ್ಯದಲ್ಲಿ ಬಂದ ಈ ಫಲಿತಾಂಶ ಉತ್ಸಾಹಕ್ಕೆ ತಣ್ಣೀರೆರಚಿತು.

ಪೇಪರ್ಟ್ 1987ರಲ್ಲಿ ಉತ್ತರಿಸಿದರು: ಮರದಿಂದ ಕಟ್ಟಿದ ಮನೆ ಬಿದ್ದರೆ ಮರವನ್ನು ದೂರಲಾದೀತೆ? ಕಟ್ಟಿದವರನ್ನೂ ನೋಡಬೇಡವೆ? ವಾದವೇನೋ ಸೊಗಸಾಗಿದೆ. ಆದರೆ ಮರ ತಾನಾಗಿಯೇ ಮನೆಯಾದೀತೆಂಬ ಭಾವನೆ ಹುಟ್ಟಿದ್ದರಲ್ಲಿ ಅವರ ಪಾಲೂ ಇರಲಿಲ್ಲವೆ?

ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಡೇವಿಡ್ ಕ್ಲಾರ್ ಮತ್ತು ಶರನ್ ಕಾರ್ವರ್ 1988ರಲ್ಲಿ ಪ್ರಕಟಿಸಿದ ಅಧ್ಯಯನ ಈ ಗಂಟನ್ನು ತುಸು ಬಿಡಿಸಿತು. ಅವರು ಮಕ್ಕಳನ್ನು ಆಮೆಯ ಪಾಡಿಗೆ ಬಿಡಲಿಲ್ಲ. ತಪ್ಪು ಎಲ್ಲಿದೆಯೆಂದು ಹಂತಹಂತವಾಗಿ ಪತ್ತೆಹಚ್ಚುವ ಕ್ರಮವನ್ನು ನೇರವಾಗಿ ಹೇಳಿಕೊಟ್ಟರು. ಆ ಮಕ್ಕಳು ಕಂಪ್ಯೂಟರ್ ಇಲ್ಲದ ಕಡೆಯೂ, ಬರೆದುಕೊಟ್ಟ ಸೂಚನೆಗಳಲ್ಲಿನ ತಪ್ಪುಗಳನ್ನು ಮೊದಲಿಗಿಂತ ಚೆನ್ನಾಗಿ ಹಿಡಿದರು.

ಪೇಪರ್ಟ್ ವಿಚಾರಗಳಿಂದ ಪ್ರೇರಿತವಾಗಿ 2005ರಲ್ಲಿ 'ಮಗುವಿಗೊಂದು ಲ್ಯಾಪ್‌ಟಾಪ್' ಯೋಜನೆ ಪ್ರಕಟವಾದಾಗ ಈ ಅನುಭವ ಅಷ್ಟಾಗಿ ನೆನಪಿಗೆ ಬಂದಂತಿಲ್ಲ. ಪೆರು ದೇಶವೊಂದೇ 8 ಲಕ್ಷಕ್ಕೂ ಹೆಚ್ಚು ಯಂತ್ರಗಳನ್ನು ಕೊಂಡಿತು. ಅಲ್ಲಿನ 319 ಗ್ರಾಮೀಣ ಶಾಲೆಗಳ ಅಧ್ಯಯನ 2012ರಲ್ಲಿ ಪ್ರಕಟವಾಯಿತು. ತರ್ಕಶಕ್ತಿಯ ಪರೀಕ್ಷೆಗಳಲ್ಲಿ ಮಕ್ಕಳು ಅಲ್ಪಸ್ವಲ್ಪ ಮುಂದೆ ಬಂದಿದ್ದರು. ಗಣಿತ ಮತ್ತು ಭಾಷೆಯ ಅಂಕಗಳು ಮಾತ್ರ ಇದ್ದಲ್ಲೇ ಇದ್ದವು.