ಪಿಂಚಣಿ: ದಯೆಯಿಂದ ಹಕ್ಕಿನೆಡೆಗೆ

ಸರ್ಕಾರದಿಂದ ಬರಬೇಕಾದ ಪಿಂಚಣಿಗಾಗಿ ವಕೀಲರನ್ನೋ ನಿಯಮ ಬಲ್ಲವರನ್ನೋ ಆಶ್ರಯಿಸುವುದು ನಮ್ಮ ಹಿರಿಯರಲ್ಲಿ ಅನೇಕರಿಗೆ ಸಂಕೋಚದ ಸಂಗತಿ. ಜೀವಮಾನವಿಡೀ ಪರರ ಕಡತಗಳನ್ನು ವಿಲೇವಾರಿ ಮಾಡಿದವರು ತಮ್ಮ ಕಡತಕ್ಕಾಗಿ ಇನ್ನೊಬ್ಬರ ಬಾಗಿಲಿಗೆ ಹೋಗುವುದೇ ಎಂಬ ಅಳುಕು ಅದು. ಪಿಂಚಣಿಯ ಚರಿತ್ರೆಯನ್ನು ನೋಡಿದರೆ ಈ ಅಳುಕಿಗೆ ಆಧಾರವಿಲ್ಲವೆಂದು ನಮಗೆ ತೋರುತ್ತದೆ.

1871ರ ಪಿಂಚಣಿ ಕಾಯಿದೆಯ ಪ್ರಕಾರ ಪಿಂಚಣಿಯ ಕುರಿತು ಸಿವಿಲ್ ನ್ಯಾಯಾಲಯದಲ್ಲಿ ನೇರವಾಗಿ ದಾವೆ ಹೂಡುವಂತಿರಲಿಲ್ಲ. ಕಲೆಕ್ಟರರ ಮುಂದೆ ಅಹವಾಲು ಸಲ್ಲಿಸಬೇಕಿತ್ತು; ಅಧಿಕಾರಿಯ ಪ್ರಮಾಣಪತ್ರ ದೊರೆತರೆ ಮಾತ್ರ ನ್ಯಾಯಾಲಯದ ಬಾಗಿಲು ತೆರೆಯುತ್ತಿತ್ತು. ಪಿಂಚಣಿ ಪ್ರಭುತ್ವದ ದಯೆ ಎಂಬ ಭಾವನೆಯೇ ಇದಕ್ಕೆ ಮೂಲ. ಆದರೂ ಅದೇ ಕಾಯಿದೆ ವೃದ್ಧರಿಗೆ ಎರಡು ರಕ್ಷಣೆಗಳನ್ನು ಕೊಟ್ಟಿತು: ಸಾಲಗಾರರು ಪಿಂಚಣಿಯನ್ನು ಜಪ್ತಿ ಮಾಡಿಸುವಂತಿಲ್ಲ, ಇನ್ನೂ ಕೈಸೇರದ ಪಿಂಚಣಿಯನ್ನು ಮುಂಗಡವಾಗಿ ಮತ್ತೊಬ್ಬರಿಗೆ ಬರೆದುಕೊಟ್ಟರೆ ಆ ಪತ್ರ ಅಸಿಂಧು.

ಸ್ವಾತಂತ್ರ್ಯಾನಂತರ ದೃಷ್ಟಿ ಬದಲಾಯಿತು. ಪಿಂಚಣಿ ಸರ್ಕಾರದ ಇಚ್ಛೆಯನ್ನು ಅವಲಂಬಿಸಿದ ಕೊಡುಗೆಯಲ್ಲ, ಹಕ್ಕು ಎಂದು ಸುಪ್ರೀಂ ಕೋರ್ಟು 1971ರಲ್ಲಿ ದೇವಕಿನಂದನ ಪ್ರಸಾದರ ಪ್ರಕರಣದಲ್ಲಿ ಹೇಳಿತು. ಆ ಮಾತಿಗೆ ವ್ಯಾಪ್ತಿ ದೊರೆತದ್ದು ಡಿ. ಎಸ್. ನಕಾರಾ ಪ್ರಕರಣದಲ್ಲಿ. 1979ರಲ್ಲಿ ಕೇಂದ್ರ ಸರ್ಕಾರ ಪಿಂಚಣಿಯ ಲೆಕ್ಕಾಚಾರವನ್ನು ಉದಾರಗೊಳಿಸಿತು. ಆದರೆ ಆ ವರ್ಷದ ಮಾರ್ಚ್ 31ಕ್ಕೆ ಮೊದಲು ನಿವೃತ್ತರಾದ ನಾಗರಿಕ ಸೇವೆಯವರನ್ನು ಹೊರಗಿಟ್ಟಿತು. ಒಂದೆರಡು ದಿನಗಳ ಅಂತರದಲ್ಲಿ ನಿವೃತ್ತರಾದ ಇಬ್ಬರು ಸಹೋದ್ಯೋಗಿಗಳಿಗೆ ಎರಡು ಬಗೆಯ ಪಿಂಚಣಿ!

ಇದನ್ನು ಪ್ರಶ್ನಿಸಿದವರು ಇಬ್ಬರು ಪಿಂಚಣಿದಾರರು. ಅವರೊಡನೆ ಮೂರನೆಯ ಅರ್ಜಿದಾರನಾಗಿ ನಿಂತದ್ದು ಎಚ್. ಡಿ. ಶೌರಿಯವರು ಕಟ್ಟಿದ ‘ಕಾಮನ್ ಕಾಸ್’ ಸಂಸ್ಥೆ. ವೃದ್ಧರೂ ಅಶಕ್ತರೂ ಆದ ಅಸಂಖ್ಯ ನಿವೃತ್ತರು ದುಬಾರಿಯೂ ದೀರ್ಘವೂ ಆದ ವ್ಯಾಜ್ಯವನ್ನು ಒಬ್ಬೊಬ್ಬರಾಗಿ ನಡೆಸಲಾರರು; ಆದ್ದರಿಂದ ಅವರ ಪರವಾಗಿ ನಿಲ್ಲಲು ಸಂಸ್ಥೆಗೆ ಅಧಿಕಾರವಿದೆ ಎಂದು ಸಂವಿಧಾನ ಪೀಠ ಒಪ್ಪಿತು. 1982ರ ಡಿಸೆಂಬರ್ 17ರಂದು ತೀರ್ಪು ಪಿಂಚಣಿದಾರರ ಪರವಾಗಿ ಬಂತು. ಆ ದಿನವನ್ನು ಪಿಂಚಣಿದಾರರ ದಿನವೆಂದು ಆಚರಿಸುತ್ತಾರೆ. ಹಕ್ಕು ಗಟ್ಟಿಯಾದದ್ದೇ ಬಲ್ಲವರ ನೆರವಿನಿಂದ ಎಂಬುದನ್ನು ನಾವು ಮರೆಯಬಾರದು.

ಕನ್ನಡಿಗರ ಪಾಲಿಗೆ ಕಡತದ ತೊಡಕು ಏಕೀಕರಣದಷ್ಟೇ ಹಳೆಯದು. ಮುಂಬಯಿ, ಹೈದರಾಬಾದು, ಮದರಾಸು ಆಡಳಿತಗಳಲ್ಲಿ ಸೇವೆ ಆರಂಭಿಸಿದ ಎಷ್ಟೋ ನೌಕರರು 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿದರು. ಪಿಂಚಣಿಯ ಹೊಣೆಯನ್ನು ರಾಜ್ಯಗಳ ನಡುವೆ ಹಂಚುವ ವ್ಯವಸ್ಥೆಯನ್ನು ರಾಜ್ಯ ಪುನರ್ವಿಂಗಡಣಾ ಕಾಯಿದೆಯೇ ಮಾಡಬೇಕಾಯಿತು. ಇಂದು ಹೊರನಾಡಿನಲ್ಲಿರುವ ಮಕ್ಕಳು ಊರಿನ ಖಜಾನೆಯಿಂದ ಬರಬೇಕಾದ ತಾಯಿಯ ಕುಟುಂಬ ಪಿಂಚಣಿಗಾಗಿ ಪರದಾಡುವಾಗಲೂ ಕಾಡುವುದು ಅದೇ ದೂರ.

ಸಂಕೋಚಕ್ಕೆ ಬೆಲೆಯೂ ಇದೆ. 1985ರ ಆಡಳಿತ ನ್ಯಾಯಮಂಡಳಿ ಕಾಯಿದೆಯಂತೆ ಅಂತಿಮ ಆದೇಶ ಬಂದ ಒಂದು ವರ್ಷದೊಳಗೆ ಸಾಮಾನ್ಯವಾಗಿ ಅರ್ಜಿ ಸಲ್ಲಿಸಬೇಕು. ಕೇಂದ್ರ ನೌಕರರ ಮಂಡಳಿಯ ಪೀಠಗಳು ಮುಂಬಯಿ, ಚೆನ್ನೈ, ಹೈದರಾಬಾದು, ದೆಹಲಿಗಳಲ್ಲೂ ಇವೆ. ಕರ್ನಾಟಕದ ರಾಜ್ಯ ನೌಕರರಿಗೆ ರಾಜ್ಯದ್ದೇ ಮಂಡಳಿಯಿದೆ. ಸ್ವತಃ ವಾದಿಸಬಹುದು, ವಕೀಲರನ್ನೂ ನೇಮಿಸಬಹುದು. 1987ರ ಕಾನೂನು ಸೇವೆಗಳ ಕಾಯಿದೆಯು ಮಹಿಳೆಯರಿಗೆ ಉಚಿತ ನೆರವಿನ ಅರ್ಹತೆ ಕೊಟ್ಟಿದೆ. ಗಂಡನ ಕಡತವನ್ನು ಎಂದೂ ಕಾಣದ ವಿಧವೆಗೆ ಇದಕ್ಕಿಂತ ದೊಡ್ಡ ಆಸರೆ ಬೇರಿಲ್ಲ.

ಹಾಗೆಂದು ನೆರವಿನ ಹೆಸರಿನಲ್ಲಿ ಬಂದವರೆಲ್ಲರೂ ನೆರವಾಗುವವರಲ್ಲ. ಶ್ರಮಕ್ಕೆ ಶುಲ್ಕ ಕೇಳುವವರು ಬೇರೆ, ಮುಂಬರುವ ಪಿಂಚಣಿಯಲ್ಲಿ ಪಾಲು ಬರೆಸಿಕೊಳ್ಳುವವರು ಬೇರೆ. ಈ ಭೇದವನ್ನು 1871ರ ಕಾಯಿದೆಯೇ ಅರಿತಿತ್ತು. ನಾವೂ ಅದನ್ನರಿತು, ಬಲ್ಲವರನ್ನು ಅಳುಕಿಲ್ಲದೆ ಕೇಳೋಣ.